ಫಲಾವಳಿಯ ಕೊಕ್ಕೆ

ಕುಮಟಾದ ಸಾಗರದೀಪ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿರುವ ನಾಗಪತಿ ನಾಯ್ಕರು ಹೊನ್ನಾವರದ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತರು. ಇಪ್ಪತ್ತಾರು ವರ್ಷ ಬಂದ ಕಾಗದಕ್ಕೆ ನಂಬರು ಹಾಕಿ, ಹೋಗುವ ಕಾಗದಕ್ಕೆ ಠಸ್ಸೆ ಹೊಡೆದ ಮನುಷ್ಯನಿಗೆ ಅರ್ಜಿಗೆ ಬಗ್ಗದ ಸಂಗತಿಯೂ ಲೋಕದಲ್ಲಿ ಇದೆಯೆಂದು ನಂಬಿಸುವುದು ಕಷ್ಟ. ಗ್ಯಾಸ್ ಸಿಲಿಂಡರ್ ತಡವಾದರೆ ಅರ್ಜಿ, ಬಸ್ಸಿನ ಕಿಟಕಿ ಮುಚ್ಚದಿದ್ದರೆ ಅರ್ಜಿ. ಒಮ್ಮೆ ಹೆಂಡತಿ ಮಾಲಿನಿಯ ಸಾರು ಖಾರವಾಯಿತೆಂದು ಫ್ರಿಜ್ಜಿನ ಬಾಗಿಲಿಗೆ ಅರ್ಧ ಹಾಳೆಯ ತಿಳುವಳಿಕೆ ಪತ್ರ ಅಂಟಿಸಿದ್ದರು. ಆ ವಾರವೆಲ್ಲ ಅವರು ಗಂಜಿಯನ್ನೇ ಉಂಡರು.

ಇಂಥ ನಾಗಪತಿಯವರಿಗೆ ಈ ವರ್ಷ ಒಂದು ದೊಡ್ಡ ಮರ್ಯಾದೆ ಒದಗಿ ಬಂದಿತ್ತು. ಅಘನಾಶಿನಿಯಲ್ಲಿದ್ದ ಕುಟುಂಬದ ಮನೆ ಪಾಲಾದಾಗ ನಡುವೆ ಎಬ್ಬಿಸಿದ ಗೋಡೆ ಸರಿಯಾಗಿ ಚೌತಿಯ ಗಣಪತಿ ಕೂರುವ ಜಾಗದ ಮೇಲೆಯೇ ಬಂದುಬಿಟ್ಟಿತು. ಆಚೆ ಕೂರಿಸಿದರೆ ಈಚೆಯವರಿಗೆ ಸಿಟ್ಟು, ಈಚೆ ಕೂರಿಸಿದರೆ ಆಚೆಯವರಿಗೆ. ಎರಡು ವರ್ಷ ಈ ರಗಳೆ ನೋಡಿದ ಹಿರಿಯಳು ಗಂಗೆ ದೊಡ್ಡಮ್ಮ ಚೌತಿಯನ್ನೇ ಆ ಮನೆಯಿಂದ ಎತ್ತಲು ನಿಶ್ಚಯಿಸಿದಳು. ಮಿರ್ಜಾನದ ಜಗದೀಶನಿಗೆ, ಅಂದರೆ ನಾಗಪತಿಯವರ ಚಿಕ್ಕಪ್ಪನ ಮಗನಿಗೆ, ದೊಡ್ಡ ಅಂಗಳದ ಮನೆಯಿತ್ತು. ನಾಗಪತಿಯವರಿಗೆ ಎರಡು ಕೋಣೆಯ ಫ್ಲ್ಯಾಟೂ ಬೇಕಾದಷ್ಟು ಹಟವೂ ಇದ್ದವು. ಅವರು ಮೂರು ಪುಟದ ಮನವಿ ಕಳಿಸಿದರು. ದೊಡ್ಡಮ್ಮನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಅವಳು ಪುಟಗಳನ್ನು ಎಣಿಸಿ ಒಪ್ಪಿಕೊಂಡಳು.

ಒಪ್ಪಿಗೆಗೆ ಒಂದು ಕರಾರಿತ್ತು. ದೊಡ್ಡಮ್ಮ ಬಸ್ಸು ಹತ್ತಿ ಕುಮಟಾಕ್ಕೆ ಬಂದು, ಹಾಲ್‌ನ ಪೂರ್ವದ ಗೋಡೆಯ ಹತ್ತಿರ ನೆಲದ ಮೇಲೆ ಸುಣ್ಣದಲ್ಲಿ ಗುರುತು ಮಾಡಿ, ಗಣಪತಿ ಕೂರುವುದಾದರೆ ಇಲ್ಲಿಯೇ, ಒಂದು ಗೇಣು ಆಚೆಯೂ ಇಲ್ಲ ಈಚೆಯೂ ಇಲ್ಲ ಎಂದಳು. ಆಮೇಲೆ ಹೇಳಿದಳು:

"ಈ ಸಲ ನಿನ್ನ ಮನೇಲಿ ನೋಡುವ. ದೇವರ ತಲೆ ಮೇಲೆ ಬೇಡಾದ್ದು ಎಂತಾರೂ ಬಿತ್ತು ಅಂದ್ರೆ ಮುಂದಿನ ವರ್ಷದಿಂದ ಜಗದೀಶನ ಮನೆ. ಮತ್ತೆ ಕಾಗದ ತಕಂಡ್ ನನ್ನ ಹಿಂದೆ ಬರೂದಲ್ಲ."

ಆತು ಎಂದರು ನಾಗಪತಿಯವರು. ಫ್ಲ್ಯಾಟಿನಲ್ಲಿ ಗಣಪತಿಯ ತಲೆಯ ಮೇಲೆ ಬೀಳುವಂಥದ್ದು ಏನಿದೆ? ಹಲ್ಲಿಯೂ ಇಲ್ಲದ ಮನೆ ಅದು. ಅವರು ಅಷ್ಟಕ್ಕೇ ನಿಲ್ಲದೆ ಹೊನ್ನಾವರದ ಒಂದು ಲಾಡ್ಜಿನಲ್ಲಿ ಕಂಡಿದ್ದ ಹಾಗೆ ಹಾಲ್‌ಗೆ ಬಿಳಿ ಹೂಬಳ್ಳಿಗಳ ಪಿ.ಒ.ಪಿ. ಸೀಲಿಂಗು ಮಾಡಿಸಿದರು. ದೇವರ ಮೇಲೆ ಹಣ್ಣುಕಾಯಿ ಕಟ್ಟಿ ತೂಗುಹಾಕುವ ಫಲಾವಳಿಗಾಗಿ ಸುಣ್ಣದ ಗುರುತಿನ ನೇರಕ್ಕೆ ಸೀಲಿಂಗನ್ನು ತೂತು ಮಾಡಿ ಗಟ್ಟಿಯಾದ ಕಬ್ಬಿಣದ ಕೊಕ್ಕೆಯನ್ನೂ ಹಾಕಿಸಿದರು. ಕೊಕ್ಕೆಯ ಗಟ್ಟಿತನ ಪರೀಕ್ಷಿಸಲು ತಾವೇ ಒಮ್ಮೆ ಜೋತುಬಿದ್ದರು. ಆಗ ಸೀಲಿಂಗು ಅಲ್ಲಿ ಕೂದಲೆಳೆಯಷ್ಟು ಕೆಳಗೆ ಬಂತು. ಅದು ಯಾರಿಗೂ ಕಾಣುವಂತಿರಲಿಲ್ಲ.

ಚೌತಿಗೆ ಇಪ್ಪತ್ತೊಂದು ದಿನ ಇರುವಾಗ, ಜಡಿಮಳೆಯ ಒಂದು ಬೆಳಿಗ್ಗೆ, ಆ ಕೊಕ್ಕೆಯ ತುದಿಯಿಂದ ಒಂದು ಹನಿ ಸುಣ್ಣದ ಗುರುತಿನ ನಟ್ಟನಡುವೆ ಬಿತ್ತು.

ನಾಗಪತಿಯವರು ಆ ಹನಿಯನ್ನು ನೋಡಿದರು, ಕೊಕ್ಕೆಯನ್ನು ನೋಡಿದರು, ಆಮೇಲೆ ಮೇಲಿನ ಮನೆಯ ರಮಾನಂದ ಶಾನಭಾಗರನ್ನು ನೆನೆದರು. ಹಾಲ್‌ಗೆ ತಾಗಿ ನಾಗಪತಿಯವರ ಬಚ್ಚಲು, ಬಚ್ಚಲಿನ ತಲೆಯ ಮೇಲೆ ಸಾಮಾನು ತುಂಬುವ ಅಟ್ಟ, ಅಟ್ಟದ ಮೇಲೆ ಶಾನಭಾಗರ ಬಚ್ಚಲು. ಇಷ್ಟು ತಿಳಿದ ಮೇಲೆ ತನಿಖೆಗೆ ಇನ್ನೇನು ಉಳಿಯಿತು? ಅವರು ಅಟ್ಟದ ಬಾಗಿಲು ತೆರೆದು ಟಾರ್ಚು ಬಿಟ್ಟು ನೋಡಿದರು. ಒಳಗೆಲ್ಲ ಒದ್ದೆ. ಆ ಸಂಜೆಯೇ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಗುರುದತ್ತನಿಗೆ ಅರ್ಜಿ ಹೋಯಿತು. ಮೇಲಿನ ಮನೆಯವರ ಬಚ್ಚಲು ನೀರಿನಿಂದ ಹಾನಿಗೊಳಗಾದ ವಸ್ತುಗಳ ಪಟ್ಟಿಯನ್ನು ಅದಕ್ಕೆ ಲಗತ್ತಿಸಿದ್ದರು: ಹಾಸಿಗೆ ಒಂದು, ತುದಿ ನೆನೆದದ್ದು, ರದ್ದಿ ಪೇಪರಿನ ಕಟ್ಟು ಎರಡು, ಸಾಣಿಕಟ್ಟೆಯ ಉಪ್ಪಿನ ಚೀಲ ಒಂದು, ಪೂರ್ತಿ ತೊಯ್ದು ಅರ್ಧ ಕರಗಿದ್ದು.

ಆ ಚೀಲದ ಬಗ್ಗೆ ಒಂದು ಮಾತು ಹೇಳಬೇಕು. ನಾಗಪತಿಯವರು ಪೊಟ್ಟಣದ ಉಪ್ಪು ತಿನ್ನುವವರಲ್ಲ. ಬೇಸಿಗೆಯಲ್ಲಿ ಸಾಣಿಕಟ್ಟೆಯ ಉಪ್ಪು ಬೆಳೆಯುವ ಆಗರದಿಂದಲೇ ಒಂದು ಚೀಲ ಹರಳುಪ್ಪು ತರಿಸಿ, ಅದನ್ನು ಹೊತ್ತು ತಂದವನನ್ನು ಮೆಟ್ಟಿಲ ಬುಡದಲ್ಲಿ ಐದು ನಿಮಿಷ ನಿಲ್ಲಿಸಿ, ಎಂಟೂ ಮನೆಯವರು ನೋಡಿದ್ದು ಖಾತ್ರಿಯಾದ ಮೇಲೆ ಅಟ್ಟಕ್ಕೆ ಏರಿಸಿದ್ದರು.

ರಮಾನಂದ ಶಾನಭಾಗರು ಬ್ಯಾಂಕಿನಿಂದ ನಿವೃತ್ತರಾದ ಸೌಮ್ಯ ಮನುಷ್ಯ. ಮನೆಯಲ್ಲಿ ಹೆಂಡತಿಯೊಂದಿಗೆ ಕೊಂಕಣಿಯಲ್ಲಿ ಮೆಲ್ಲಗೆ, ಹೊರಗೆ ಕನ್ನಡದಲ್ಲಿ ಇನ್ನೂ ಮೆಲ್ಲಗೆ ಮಾತಾಡುವವರು. ಹನ್ನೆರಡು ವರ್ಷದಿಂದ ಸೋರದ ಬಚ್ಚಲು ಈಗ ಯಾಕೆ ಸೋರುತ್ತದೆ ಎಂದು ಅವರು ಕೇಳಿದರು. ಬಚ್ಚಲಿಗೂ ವಯಸ್ಸಾಗುತ್ತದೆ ಎಂದರು ನಾಗಪತಿಯವರು. ನೆಲ ನನ್ನದಾದರೂ ಅದರ ಕೆಳಮೈ ನಿಮ್ಮದಲ್ಲವೇ ಎಂದು ಶಾನಭಾಗರು ಕೇಳಿದಾಗ, "ನಿಮ್ಮ ನೆಲ ನಮ್ಮ ಮಾಡು ಶಾನಭಾಗರೆ. ಮಾಡು ಸೋರಿದ್ರೆ ಮಳೆ ಹತ್ರ ಕೇಳೂದಾ, ಮಾಡಿನ ಮೇಲೆ ಕೂತವ್ರ ಹತ್ರ ಕೇಳೂದಾ?" ಎಂದು ಸವಾಲು ಹಾಕಿದರು. ಸವಾಲು ಸರಿಯಾಗಿ ಅರ್ಥವಾಗದ ಶಾನಭಾಗರು ಮೆಲ್ಲಗೆ ತಲೆಯಾಡಿಸಿದರು.

ಕಾರ್ಯದರ್ಶಿ ಗುರುದತ್ತನಿಗೆ ಪೇಟೆಯಲ್ಲಿ ಸ್ಟೇಷನರಿ ಅಂಗಡಿ. ಸಂಘದ ಠರಾವು ಪುಸ್ತಕ ಮೂರು ವರ್ಷದಿಂದ ಖಾಲಿ ಬಿದ್ದಿದ್ದು ಅವನಿಗೆ ಬೇಸರ ತಂದಿತ್ತು. ಈಗ ಕೆಲಸ ಸಿಕ್ಕಿತು. ಅವನು ಬಣ್ಣದ ಪರೀಕ್ಷೆ ನಡೆಸಲು ಆಜ್ಞೆ ಮಾಡಿ, ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಬಾಟಲಿ ತನ್ನ ಅಂಗಡಿಯಿಂದಲೇ ತಂದ. ಎಂಟು ಮನೆಯವರ ಎದುರು ಶಾನಭಾಗರ ಬಚ್ಚಲಿನಲ್ಲಿ ನೀಲಿ ನೀರು ಹೊಯ್ದರು. ಆಮೇಲೆ ಎಲ್ಲರೂ ಇಳಿದು ಬಂದು ನಾಗಪತಿಯವರ ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕೊಕ್ಕೆ ನೋಡುತ್ತ ಕುಳಿತರು. ಮಾಲಿನಿ ಎರಡು ಸಲ ಚಹಾ ಮಾಡಿದಳು. ಕೊಕ್ಕೆಯಿಂದ ಹನಿ ಬಿತ್ತು, ಇಪ್ಪತ್ತೆರಡು ಬಿತ್ತು, ಒಂದರಲ್ಲೂ ನೀಲಿ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದರು. ಸಿಮೆಂಟು ಬಣ್ಣವನ್ನು ಕುಡಿದು ನೀರನ್ನು ಮಾತ್ರ ಕೆಳಗೆ ಬಿಡುತ್ತದೆ ಎಂಬ ಸಿದ್ಧಾಂತವನ್ನು ನಾಗಪತಿಯವರು ಮಂಡಿಸಿದರು. ಅದನ್ನು ಎಷ್ಟು ದೃಢವಾಗಿ ಹೇಳಿದರೆಂದರೆ ಗುರುದತ್ತ ಠರಾವಿನಲ್ಲಿ ಹಾಗೆಯೇ ಬರೆದುಕೊಂಡ. ಶಾನಭಾಗರ ಅಂಗಾಲು ಮಾತ್ರ ನಾಲ್ಕು ದಿನ ನೀಲಿಯಾಗಿತ್ತು.

ಎರಡನೆಯ ಪರೀಕ್ಷೆ ಸ್ನಾನಬಂದಿಯದು. ಶಾನಭಾಗ ದಂಪತಿ ಮೂರು ದಿನ ಆ ಬಚ್ಚಲಿಗೆ ಕಾಲಿಡಕೂಡದು, ಹನಿ ನಿಂತರೆ ತಪ್ಪು ಅವರದು. ಶಾನಭಾಗರು ಒಪ್ಪಿ, ಬೆಳಿಗ್ಗೆ ಆರಕ್ಕೆ ಟವೆಲು ಹೆಗಲಿಗೆ ಹಾಕಿಕೊಂಡು ಹೊನ್ನಾವರದ ಅಣ್ಣನ ಮನೆಗೆ ಬಸ್ಸಿನಲ್ಲಿ ಸ್ನಾನಕ್ಕೆ ಹೊರಟರು. ಹೋದದ್ದಕ್ಕೆ ಸಾಕ್ಷಿಯಾಗಿ ಟಿಕೆಟ್ ತಂದುಕೊಡಬೇಕೆಂದು ಗುರುದತ್ತ ತಾಕೀತು ಮಾಡಿದ್ದ. ಶಾನಭಾಗರದ್ದನ್ನೂ, ಅವರ ಹೆಂಡತಿಯ ಸೊನ್ನೆ ರೂಪಾಯಿಯ ಟಿಕೆಟನ್ನೂ ಪುಸ್ತಕಕ್ಕೆ ಅಂಟಿಸಿದ.

ಆ ಮೂರು ದಿನ ಆಕಾಶ ತೂತಾದಂತೆ ಮಳೆ. ಗಾಳಿಯೇ ಹಿಂಡಿದರೆ ನೀರು ಬರುವಷ್ಟು ಥಂಡಿ. ಹನಿ ನಿಲ್ಲುವುದಿರಲಿ, ಮಾಲಿನಿ ಇಟ್ಟಿದ್ದ ಬಕೆಟ್ಟು ಸಂಜೆಯೊಳಗೆ ಕಾಲುಭಾಗ ತುಂಬತೊಡಗಿತು.

ಇದರ ಅರ್ಥ ಒಂದೇ ಎಂದರು ನಾಗಪತಿಯವರು. ಶಾನಭಾಗರು ಕದ್ದು ಸ್ನಾನ ಮಾಡುತ್ತಿದ್ದಾರೆ, ಅದೂ ಎಂದಿಗಿಂತ ಹೆಚ್ಚು. ಮೂರನೆಯ ದಿನ ಮೆಟ್ಟಿಲಿನಲ್ಲಿ ಎದುರಾದಾಗ ಅವರು ಶಾನಭಾಗರ ಹೆಗಲಿನ ಹತ್ತಿರ ಮೂಗು ಒಯ್ದು ದೀರ್ಘವಾಗಿ ಉಸಿರೆಳೆದು, ಗಂಧದ ಸೋಪು ಎಂದು ಘೋಷಿಸಿದರು. ಅದು ಅಣ್ಣನ ಮನೆಯ ಸೋಪು ಎಂದರು ಶಾನಭಾಗರು. ಹಾಗಾದರೆ ಅಣ್ಣನ ಸೋಪಿನ ಹೆಸರು ಬರೆದುಕೊಡಿ ಎಂದರು ಇವರು.

ಆಗ ಹನ್ನೆರಡು ವರ್ಷದಲ್ಲಿ ಮೊದಲ ಸಲ ಶಾನಭಾಗರ ದನಿ ಏರಿತು. ನೆಲ ಒಡೆಸಿಯೇ ನೋಡಿ, ಸೋರುವುದು ನನ್ನ ಕಡೆಯಿಂದ ಅಲ್ಲವೆಂದಾದರೆ ಆಮೇಲೆ ನಾನು ಬಿಡುವವನಲ್ಲ ಎಂದು ಅವರು ಹೇಳಿದ್ದು ಕೆಳಗಿನ ಮನೆಯವರೆಗೂ ಕೇಳಿಸಿತು. ನಾಗಪತಿಯವರಿಗೆ ಬೇಕಾದದ್ದೂ ಅದೇ. ಅರ್ಧ ಗಂಟೆಯಲ್ಲಿ ಕರಾರುಪತ್ರ ತಯಾರಾಯಿತು: ಯಾರ ಕಡೆಯ ತಪ್ಪಿನಿಂದ ನೀರು ಬರುತ್ತಿದೆಯೋ ಅವರು ಇಬ್ಬರ ಮನೆಯ ದುರಸ್ತಿಯನ್ನೂ ಚೌತಿಯೊಳಗೆ ಮಾಡಿಸಿಕೊಡತಕ್ಕದ್ದು. ಒಕ್ಕಣೆ ನಾಗಪತಿಯವರದೇ. 'ತಕ್ಕದ್ದು' ಎಂಬ ಪದವನ್ನು ಅವರು ಎರಡು ಸಲ ಅಡಿಗೆರೆ ಎಳೆದು ಬರೆದಿದ್ದರು.

ಮೇಸ್ತ್ರಿ ವೆಂಕಟ ಮಾವಳ್ಳಿಯವನು. ಅವನು ಮೊದಲು ಕೆಳಗಿನ ಅಟ್ಟಕ್ಕೆ ಇಣುಕಿ, ಈ ಸಾಮಾನೆಲ್ಲ ಒಂದು ಸಲ ಇಳಿಸಿ ನೋಡುವ ಎಂದ. ಬಾಧಿತರನ್ನು ಯಾಕೆ ಎಳೆದಾಡುತ್ತೀ, ಅಪರಾಧ ಮೇಲಿದೆ ಎಂದು ನಾಗಪತಿಯವರು ಅವನನ್ನು ಮೆಟ್ಟಿಲು ಹತ್ತಿಸಿದರು. ಎರಡು ದಿನದಲ್ಲಿ ಶಾನಭಾಗರ ಬಚ್ಚಲು ಅಗೆದ ಗದ್ದೆಯಾಯಿತು. ಟೈಲ್ಸು ಹೋಯಿತು, ಅದರಡಿಯ ಗಾರೆ ಹೋಯಿತು. ಕೆಳಗಿನ ಸ್ಲ್ಯಾಬು ಬಂತು. ಅದು ಮುಟ್ಟಿದರೆ ಬೆರಳಿಗೆ ಧೂಳು ಹತ್ತುವಷ್ಟು ಒಣಗಿತ್ತು.

ವೆಂಕಟ ಬೆರಳಿನ ಧೂಳನ್ನು ಎಲ್ಲರಿಗೂ ತೋರಿಸಿದ. ನಾಗಪತಿಯವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ದೊಡ್ಡಮ್ಮ ಬಂದಿದ್ದಾಳೆಂದು ಕೆಳಗಿನಿಂದ ಮಾಲಿನಿ ಕೂಗಿದಳು.

ಚೌತಿಗೆ ಇನ್ನು ಹತ್ತೇ ದಿನ. ಸಿದ್ಧತೆ ನೋಡಲು ಗಂಗೆ ದೊಡ್ಡಮ್ಮ ಹೇಳದೆ ಕೇಳದೆ ಹೊರಟುಬಂದಿದ್ದಳು. ನಾಗಪತಿಯವರು ಓಡೋಡಿ ಇಳಿದು ಬರುವಷ್ಟರಲ್ಲಿ ಅವಳು ಸುಣ್ಣದ ಗುರುತಿನ ಮೇಲಿದ್ದ ಬಕೆಟ್ಟನ್ನು ಕಾಲಿನಿಂದ ಸರಿಸಿ, ಅದೇ ಜಾಗದಲ್ಲಿ ನಿಂತು, ಬಾಯಿ ತೆರೆದುಕೊಂಡು ಹೂಬಳ್ಳಿಯ ಸೀಲಿಂಗನ್ನು ಮೆಚ್ಚುತ್ತಿದ್ದಳು. ಹನಿ ಬಂದದ್ದು ಯಾರಿಗೂ ತಡೆಯಲಾಗಲಿಲ್ಲ. ಅದು ನೇರವಾಗಿ ದೊಡ್ಡಮ್ಮನ ನಾಲಿಗೆಯ ಮೇಲೆ ಬಿತ್ತು.

ಬಾಯಿ ಮುಕ್ಕಳಿಸಲೆಂದು ಮಾಲಿನಿ ಒಂದು ಚೊಂಬು ನೀರು ತರಲು ಓಡಿದಳು. ಎಪ್ಪತ್ತೆಂಟು ವರ್ಷದ ಮಡಿಯ ಹೆಂಗಸಿನ ಬಾಯಿಗೆ ಪರರ ಮನೆಯ ಬಚ್ಚಲು ನೀರು. ನಾಗಪತಿಯವರ ಕಣ್ಣೆದುರು ಗಣಪತಿ ಮಿರ್ಜಾನದ ಬಸ್ಸು ಹತ್ತಿದ. ಹಿಂದೆಯೇ ಇಳಿದುಬಂದ ಶಾನಭಾಗರು, ಗುರುದತ್ತ, ವೆಂಕಟ ಬಾಗಿಲಿನಲ್ಲೇ ನಿಂತರು.

ದೊಡ್ಡಮ್ಮ ಎರಡು ಸಲ ಚಪ್ಪರಿಸಿದಳು.

"ನಾಗಪತಿ, ಉಪ್ಪು ಎಲ್ಲಿಟ್ಟಿದ್ದೆ?"

ಅಟ್ಟದ ಮೇಲೆ ಎಂದರು ಅವರು.

"ಅಡಿಗೆ ಮರಿಗೆ ಇಟ್ಟಿದ್ಯಾ?"

ಇಲ್ಲಿ ನಾಗಪತಿಯವರಿಗೆ ಎಲ್ಲ ನೆನಪಾಯಿತು. ಅಘನಾಶಿನಿಯ ಮನೆಯ ಅಡುಗೆಕೋಣೆ, ಮೂಲೆಯಲ್ಲಿ ಮರ ಕೊರೆದು ಮಾಡಿದ ಮರಿಗೆ, ಅದರ ಮೇಲೆ ಉಪ್ಪಿನ ಚೀಲ. ಮಳೆಗಾಲ ಬಂತೆಂದರೆ ಹರಳುಪ್ಪು ಗಾಳಿಯ ನೀರು ಕುಡಿದು ಒಂದೇ ಸಮ ಕಣ್ಣೀರು ಹಾಕುತ್ತದೆ; ಅದಕ್ಕಾಗಿಯೇ ಅಡಿಗೆ ಮರಿಗೆ, ಮರಿಗೆಯ ತೂತಿನ ಕೆಳಗೆ ಒಂದು ಕರಟ. ಕರಟ ತುಂಬಿದಾಗ ಹೊರಗೆ ಚೆಲ್ಲಿ ಬರುವುದು ಬಾಲಕ ನಾಗಪತಿಯದೇ ಕೆಲಸವಾಗಿತ್ತು. ದೊಡ್ಡವನಾಗಿ ಉಪ್ಪನ್ನು ಫ್ಲ್ಯಾಟಿಗೆ ತಂದವರು ಮರಿಗೆಯನ್ನು ಮರೆತಿದ್ದರು. ಚೀಲ ಅಟ್ಟದಲ್ಲಿ ಅತ್ತಿತ್ತು, ಆ ನೀರು ಹೊಸ ಸೀಲಿಂಗಿನ ಬೆನ್ನಿನ ಮೇಲೆ ಹರಿದು, ನಾಗಪತಿಯವರೇ ಜೋತುಬಿದ್ದು ತಗ್ಗಿಸಿದ ಜಾಗ ಹುಡುಕಿಕೊಂಡು, ಕೊಕ್ಕೆಗೆ ಇಳಿದಿತ್ತು. ಹನ್ನೊಂದು ದಿನ ಎಂಟು ಮನೆಯವರು ನೋಡಿದ ಹನಿಯನ್ನು ಯಾರೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಬಚ್ಚಲ ನೀರನ್ನು ಯಾರು ರುಚಿ ನೋಡುತ್ತಾರೆ?

ಗುರುದತ್ತ ಪುಸ್ತಕ ತೆರೆದು ಬಾಧಿತ ವಸ್ತುಗಳ ಪಟ್ಟಿಯಲ್ಲಿ ಮೂರನೆಯದಕ್ಕೆ, ಉಪ್ಪಿನ ಚೀಲಕ್ಕೆ, ಮೆಲ್ಲನೆ ಗೆರೆ ಎಳೆದ. ಶಾನಭಾಗರು ಅಂಗಿಯ ಜೇಬಿನಿಂದ ಕರಾರುಪತ್ರ ತೆಗೆದು, ಅಡಿಗೆರೆ ಎಳೆದ ಪದವನ್ನು ಮಾತ್ರ ಗಟ್ಟಿಯಾಗಿ ಓದಿದರು.

ನಾಗಪತಿಯವರಿಗೆ ನಿಜಕ್ಕೂ ನಾಚಿಕೆಯಾಯಿತು. ಅವರು ಶಾನಭಾಗರ ಕೈ ಹಿಡಿದು, ಮಾಡಿಸಿಕೊಡುತ್ತೇನೆ, ಇದ್ದದ್ದಕ್ಕಿಂತ ಚೆಂದ ಮಾಡಿಸಿಕೊಡುತ್ತೇನೆ, ಅಲ್ಲಿಯವರೆಗೆ ನಮ್ಮ ಬಚ್ಚಲೇ ನಿಮ್ಮದು ಎಂದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ತಲೆ ತಗ್ಗಿಸಿ ನಿಂತರು. ದೊಡ್ಡಮ್ಮ ಯೋಚಿಸಿ ತೀರ್ಪು ಕೊಟ್ಟಳು. ಉಪ್ಪು ಎಂದರೆ ಲಕ್ಷ್ಮಿ, ಲಕ್ಷ್ಮಿ ಮೇಲಿಂದ ಬಿದ್ದರೆ ಗಣಪತಿ ಬೇಡ ಎನ್ನುವುದಿಲ್ಲ. ಬಚ್ಚಲ ನೀರಾದರೆ ಮಾತ್ರ ಮಿರ್ಜಾನ. ಇಷ್ಟು ಹೇಳಿ ಅವಳು ಚೀಲ ಇಳಿಸಿ ಎಂಟೂ ಮನೆಗೆ ಉಪ್ಪು ಹಂಚಿಸಿ, ದೊಡ್ಡ ಪಾಲು ಶಾನಭಾಗರಿಗೆ ಕೊಡಿಸಿ ಸಂಜೆಯ ಬಸ್ಸಿಗೆ ಹೊರಟಳು.

ಆ ಹತ್ತು ದಿನ ನಾಗಪತಿಯವರು ರಜೆ ಹಾಕಿ ವೆಂಕಟನ ಬೆನ್ನಿಗೆ ನಿಂತರು. ಗಾರೆ ಒಣಗಲು ಇನ್ನಷ್ಟು ದಿನ ಬೇಕು ಎಂದ ವೆಂಕಟ. ಕರಾರಿನಲ್ಲಿ ಚೌತಿಯೊಳಗೆ ಎಂದಿದೆ ಎಂದರು ನಾಗಪತಿಯವರು. ಬೆಳಿಗ್ಗೆ ಶಾನಭಾಗ ದಂಪತಿ ಬಕೆಟ್ಟು ಹಿಡಿದು ಇಳಿದು ಬರುವುದು, ಮಾಲಿನಿ ಅವರಿಗೆ ಚಹಾ ಕೊಡುವುದು, ಹೋಗುವಾಗ ಶಾನಭಾಗರ ಹೆಂಡತಿ ಒಂದು ತಟ್ಟೆ ಪತ್ರೊಡೆ ಇಟ್ಟು ಹೋಗುವುದು ರೂಢಿಯಾಯಿತು. ಚೌತಿಯ ಹಿಂದಿನ ಸಂಜೆ ಕೆಲಸ ಮುಗಿಯಿತು.

ಚೌತಿಯ ಬೆಳಿಗ್ಗೆ ಕುಟುಂಬವೆಲ್ಲ ಬಂತು. ಅಡಿಕೆ ಗೊನೆ, ಮಾದಲಕಾಯಿ, ಸೌತೆಕಾಯಿ, ಎಳೆನೀರು ಕಟ್ಟಿದ ಫಲಾವಳಿ ಕೊಕ್ಕೆಯಿಂದ ತೂಗಿತು. ದೊಡ್ಡಮ್ಮ ಮಣೆಯ ಮೇಲೆ ಕುಳಿತಳು. ಜಗದೀಶನೂ ಬಂದಿದ್ದ, ಅವನು ದೇವರ ಎದುರು ಕುಳಿತನಾದರೂ ಅವನ ಕಣ್ಣು ಸೀಲಿಂಗಿನಲ್ಲೇ ಇತ್ತು. ನಾಗಪತಿಯವರು ಗಣಪತಿಯನ್ನು ಎತ್ತಿ ತಂದು, ಸುಣ್ಣದ ಗುರುತಿನ ಮೇಲೆ ಇಟ್ಟು, ನಮಸ್ಕಾರಕ್ಕೆ ಬಗ್ಗಿದರು.

ಅವರ ಬೋಳುತಲೆಯ ಮೇಲೆ ಒಂದು ಹನಿ ಬಿತ್ತು.

ಚೌತಿಯ ದಿನ ಬೇಗ ಎದ್ದು ತಲೆಸ್ನಾನ ಮಾಡುವುದು ಯಾರ ಮನೆಯಲ್ಲೂ ಇದ್ದದ್ದೇ. ಹೊಸ ಬಚ್ಚಲಿನಲ್ಲಿ ಅದು ಶಾನಭಾಗರ ಮೊದಲ ಸ್ನಾನ.

"ಎಂತದದು?" ಎಂದಳು ದೊಡ್ಡಮ್ಮ. ಜಗದೀಶ ಕುಳಿತಲ್ಲಿಂದ ಅರ್ಧ ಎದ್ದ. ನಾಗಪತಿಯವರು ನೆತ್ತಿಗೆ ಬೆರಳು ಒತ್ತಿ ಎಲ್ಲರೆದುರು ನಾಲಿಗೆಯ ಮೇಲೆ ಇಟ್ಟುಕೊಂಡರು. ಉಪ್ಪಿನ ಸುಳಿವೂ ಇರಲಿಲ್ಲ. ಗಂಧದ ಸೋಪು ಮಾತ್ರ ಸ್ಪಷ್ಟವಾಗಿತ್ತು. ಇಪ್ಪತ್ತಾರು ವರ್ಷ ಬಂದದ್ದನ್ನು ಬಂದ ಹಾಗೆಯೇ ದಾಖಲೆ ಮಾಡಿದ ಮನುಷ್ಯ ಅವರು.

"ಉಪ್ಪು, ದೊಡ್ಡಮ್ಮ. ಸೀಲಿಂಗಿನ ಬೆನ್ನಲ್ಲಿ ಉಳಿದದ್ದು" ಎಂದರು.

ಆಮೇಲೆ ಫಲಾವಳಿಗೆ ತೆಂಗು ಕಡಿಮೆಯಾಯಿತು ಎಂದು ಗೊಣಗುತ್ತ ಸ್ಟೂಲು ಹತ್ತಿ, ಕೊಕ್ಕೆಯ ನೇರ ಕೆಳಗೆ, ಮಾವಿನೆಲೆಯ ಮರೆಯಲ್ಲಿ, ಒಂದು ಕರಟ ಕಟ್ಟಿದರು. ಇಳಿದವರೇ ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲಿಗೆ ಹೋಗಿ ನಿಂತರು. ಕೈಯಲ್ಲಿ ಕಾಗದವಿರಲಿಲ್ಲ, ಬಗ್ಗಿ ನೆತ್ತಿ ತೋರಿಸಿದರು. ಒದ್ದೆ ತಲೆಯ ಶಾನಭಾಗರು ನಾಗಪತಿಯವರ ಒದ್ದೆ ತಲೆಯನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಬಚ್ಚಲಿಗೆ ಚಿಲಕ ಹಾಕಿ, ಹೆಂಡತಿಗೆ ಕೊಂಕಣಿಯಲ್ಲಿ ಏನೋ ಹೇಳಿ, ಎರಡು ಟವೆಲು ಚೀಲಕ್ಕೆ ತುರುಕಿದರು. ಅವರ ಗಣಪತಿ ಹೊನ್ನಾವರದ ಅಣ್ಣನ ಮನೆಯಲ್ಲಿ. ಹೇಗೂ ಹೋಗುವುದಿತ್ತು, ಇನ್ನು ನಾಳೆಯೇ ಬರುವುದು.

"ಟಿಕೆಟ್ ತರಬೇಕಾ ನಾಯ್ಕರೆ?" ಎಂದು ಕೇಳಿದರು.

ಬೇಡ ಎಂದು ನಾಗಪತಿಯವರು ಅವರ ಚೀಲವನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದರು. ಹಬ್ಬ ಕಳೆದ ಮೇಲೆ ಮತ್ತೆ ಒಡೆಸೋಣ, ಈ ಸಲ ಇಬ್ಬರೂ ಸೇರಿಯೇ ಮಾಡಿಸೋಣ ಎಂದು ಮೆಟ್ಟಿಲ ಮೇಲೆಯೇ ಮಾತಾಯಿತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ನೆಲ ಕುಡಿದಿದ್ದ ನೀರು ಮಧ್ಯಾಹ್ನದವರೆಗೂ ಒಂದೊಂದೇ ಹನಿಯಾಗಿ ಇಳಿಯಿತು. ಕರಟದಲ್ಲಿ ಟಪ್ ಎಂದಾಗಲೆಲ್ಲ ನಾಗಪತಿಯವರು ಗಂಟೆ ಬಾರಿಸಿದರು. ಇಷ್ಟು ಭಕ್ತಿ ಅವರಲ್ಲಿದ್ದದ್ದು ಪೂಜೆಗೆ ಬಂದ ಭಟ್ಟರಿಗೂ ತಿಳಿದಿರಲಿಲ್ಲ. ಜಗದೀಶ ಕತ್ತು ನೋವು ಬಂದು ಊಟಕ್ಕೆ ಎದ್ದ. ಮರುದಿನ ಸಂಜೆ ಗಣಪತಿ ಒಂದು ಹನಿಯೂ ತಾಗದೆ, ಬಣ್ಣ ಮಾಸದೆ ನೀರಿಗೆ ಹೋದ.

ಹೊರಡುವ ಮೊದಲು ದೊಡ್ಡಮ್ಮ ಹಾಲ್‌ನಲ್ಲಿ ಒಬ್ಬಳೇ ನಿಂತು, ಬಾಡಿದ ಫಲಾವಳಿಯನ್ನು ನೋಡುತ್ತಿದ್ದಳು. ನಾಗಪತಿಯವರು ಅವಳ ಕೈಚೀಲ ಹಿಡಿದುಕೊಂಡು ಬಾಗಿಲಲ್ಲಿ ಕಾದರು. ಅವಳು ಸ್ಟೂಲು ಎಳೆದು ಹತ್ತಿ, ಮಾವಿನೆಲೆ ಸರಿಸಿ, ಕರಟದಲ್ಲಿ ಬೆರಳು ಅದ್ದಿ, ಬೆರಳನ್ನು ಬಾಯಿಗೆ ಒಯ್ಯದೆ ಸೆರಗಿಗೆ ಒರೆಸಿಕೊಂಡಳು.

"ಮುಂದಿನ ವರ್ಷಾನೂ ಇಲ್ಲೇ" ಎಂದಳು. "ಆದ್ರೆ ಕರಟ ಸ್ವಲ್ಪ ದೊಡ್ಡದು ಕಟ್ಟು."